ಕೊಡಗಿನ ಗದ್ದೆ ಮತ್ತು ತೋಟದ ಬದುಕನ್ನು ತೋರಿಸುವ ಕಿರುಗೊಂಬೆಗಳ ಸಂಗ್ರಹ: ಹೇಗೆ ಬೆಳೆಸುವುದು, ಮಳೆಗಾಲದಲ್ಲಿ ಹೇಗೆ ಕಾಪಾಡುವುದು?

ಗದ್ದೆಬದು (ನಾಪೋಕ್ಲು) ಅವರ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಳುಮೆ, ಕೊಯ್ಲು, ಹಟ್ಟಿ, ದನಕರು ಮುಂತಾದ ಹಳ್ಳಿಯ ಬದುಕನ್ನು ಸೂಕ್ಷ್ಮ ವಿವರಗಳೊಂದಿಗೆ ತೋರಿಸುವ ಕಿರುಗೊಂಬೆಗಳನ್ನು ಸಂಗ್ರಹಿಸುವುದರಲ್ಲಿ ನನಗೆ ತುಂಬ ಆಸಕ್ತಿ ಇದೆ. ಹಿಂದೆ ತೋಟದ ಬಂಗಲೆಯೊಂದರಿಂದ ನಮ್ಮ ಮನೆಗೆ ಬಂದ ಕೆಲವು ಗೊಂಬೆಗಳು ನನ್ನ ಬಳಿ ಇವೆ. ಇಂಗ್ಲೆಂಡಿನ ಬ್ರಿಟನ್ಸ್ ಕಂಪನಿಯ ಸೀಸದ ಹಸು, ಕುದುರೆ ಮತ್ತು ಹಾಲು ಕರೆಯುವ ಹೆಂಗಸು ಒಂದು ಗುಂಪು. ಬಾರ್ಡರ್ ಫೈನ್ ಆರ್ಟ್ಸ್‌ನವರು ಮಾಡಿದ, ನಾಯಿಯ ಜೊತೆಗೆ ನಿಂತಿರುವ ಕುರಿಗಾಹಿ ಇನ್ನೊಂದು. ಆ ಕುರಿಗಾಹಿಯ ಕೋಟಿನ ಮಡಿಕೆಯನ್ನೂ ಬೂಟಿಗೆ ಮೆತ್ತಿಕೊಂಡ ಕೆಸರನ್ನೂ ನೋಡಿದಾಗಲೆಲ್ಲ, ನಮ್ಮ ನಾಟಿ ಗದ್ದೆಯನ್ನು, ಕಾಫಿ ಕಣವನ್ನು, ಮೆಣಸು ಕೊಯ್ಯುವ ಬಿದಿರಿನ ಏಣಿಯನ್ನು ಇಷ್ಟೇ ಶ್ರದ್ಧೆಯಿಂದ ಯಾರಾದರೂ ಗೊಂಬೆಯಾಗಿಸಿದ್ದಾರೆಯೇ ಎಂದು ಯೋಚಿಸುತ್ತೇನೆ.

ಅನುಭವ ಇರುವವರು ದಯವಿಟ್ಟು ತಿಳಿಸಬೇಕು. ಸಂಗ್ರಹವನ್ನು ಒಂದೇ ಕಂಪನಿಗೆ ಅಥವಾ ಒಂದೇ ಅಳತೆಗೆ ಸೀಮಿತಗೊಳಿಸಬೇಕೇ? ಕೊಡಗಿನ ಕೆಲಸಗಳನ್ನು ತೋರಿಸುವ ಗೊಂಬೆಗಳು ಸಿಗದಿದ್ದರೆ ಅವುಗಳನ್ನು ಮಾಡಿಸುವುದು ಸಾಧ್ಯವೇ? ಎಲ್ಲಕ್ಕಿಂತ ತುರ್ತಾದ ವಿಷಯವೆಂದರೆ, ಹಲಸಿನ ಮರದ ಗಾಜಿನ ಬೀರುವಿನಲ್ಲಿ ಇಟ್ಟಿರುವ ಸೀಸದ ಹಸುವಿನ ಹೊಟ್ಟೆಯ ಕೆಳಗೆ ಬಿಳಿಯ ಪುಡಿ ಕಾಣಿಸಿಕೊಂಡಿದೆ. ಅದು ಬೂಷ್ಟೇ, ಬಣ್ಣ ಉದುರಿದ್ದೇ, ಅಥವಾ ಬೇರೆ ಏನಾದರೂ ಆಗಿದೆಯೇ ಎಂಬುದು ನನಗೆ ತಿಳಿಯುತ್ತಿಲ್ಲ.

ಹಳೆಯ ಬೀರು (ಮಡಿಕೇರಿ) ಅವರ ಉತ್ತರ

ನಿಮ್ಮಲ್ಲಿರುವ ಎರಡು ಗುಂಪುಗಳೂ ಬಹಳ ಒಳ್ಳೆಯ ಬುನಾದಿ. ಬ್ರಿಟನ್ಸ್ ಕಂಪನಿಯವರು ಸೀಸದ ಗೊಂಬೆಗಳನ್ನು ಒಳಗೆ ಟೊಳ್ಳಾಗಿ ಎರಕ ಹೊಯ್ಯುವ ವಿಧಾನವನ್ನು 1893ರಲ್ಲಿ ಬಳಕೆಗೆ ತಂದರು. ಇದರಿಂದ ಗೊಂಬೆಗಳ ತೂಕವೂ ಬೆಲೆಯೂ ಇಳಿದವು. ಅವರು ಹೆಸರು ಮಾಡಿದ್ದು ಸೈನಿಕರ ಗೊಂಬೆಗಳಿಂದ. ಆದರೆ ಮೊದಲ ಮಹಾಯುದ್ಧದ ಸಾವುನೋವುಗಳನ್ನು ಕಂಡ ತಂದೆತಾಯಿಯರಿಗೆ ಮಕ್ಕಳ ಕೈಗೆ ಸೈನಿಕರನ್ನು ಕೊಡುವ ಮನಸ್ಸು ಕಡಿಮೆಯಾದಾಗ, 1921ರಲ್ಲಿ ಹೊಲಮನೆಯ ಸರಣಿಯನ್ನು ಹೊರತಂದರು. ರೈತ, ಹಂದಿ, ಬೇಲಿ, ಗಾಡಿ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತಿದ್ದುದರಿಂದ ಮಗುವೊಂದು ಸ್ವಲ್ಪ ಸ್ವಲ್ಪವಾಗಿ ಒಂದು ಇಡೀ ಹೊಲಮನೆಯನ್ನು ಕಟ್ಟಿಕೊಳ್ಳಬಹುದಾಗಿತ್ತು. ಸೀಸದ ತಯಾರಿಕೆ 1966ರಲ್ಲಿ ನಿಂತಿತು, ಹಾಗಾಗಿ ನಿಮ್ಮವು ಅದಕ್ಕಿಂತ ಹಿಂದಿನವು.

ಬಾರ್ಡರ್ ಫೈನ್ ಆರ್ಟ್ಸ್ 1974ರಲ್ಲಿ ಸ್ಕಾಟ್ಲೆಂಡಿನ ಲ್ಯಾಂಗ್‌ಹೋಮ್ ಎಂಬ ಊರಿನಲ್ಲಿ ಆರಂಭವಾದದ್ದು. ಅವರದು ಆಟಿಕೆಯಲ್ಲ, ನೋಡುವುದಕ್ಕೆಂದೇ ಮಾಡಿದ ಕಿರುಶಿಲ್ಪ. ಮೂಲ ಶಿಲ್ಪದಿಂದ ಮೆದುವಾದ ರಬ್ಬರಿನ ಅಚ್ಚು ತೆಗೆದು, ಅದರಲ್ಲಿ ಕಲ್ಲಿನ ಪುಡಿ ಬೆರೆಸಿದ ರೆಸಿನ್ ಸುರಿದು, ಗಟ್ಟಿಯಾದ ಮೇಲೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಅಲ್ಲಿನ ಪ್ರಮುಖ ಶಿಲ್ಪಿ ರೇ ಏರ್ಸ್ ಅವರ ಕೆಲಸದಲ್ಲಿ ನನಗೆ ಹೆಚ್ಚು ಹಿಡಿಸುವುದು ಉಪಕರಣಗಳ ಬಗ್ಗೆ ಇರುವ ಗೌರವ. ಟ್ರ್ಯಾಕ್ಟರನ್ನು ತೋರಿಸಿದರೆ ಹಿಂಬದಿಯ ಕೊಂಡಿ ನಿಜವಾಗಿ ನೇಗಿಲನ್ನು ಎತ್ತುವಂತೆ ಜೋಡಣೆಯಾಗಿರುತ್ತದೆ. ನಾಯಿ ಕುರಿಯನ್ನು ತಡೆಯುವಾಗ ಅದರ ಮೈಭಾರ ಯಾವ ಕಾಲಿನ ಮೇಲೆ ಬಿದ್ದಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕೊಳ್ಳುವಾಗ ಪೀಠದ ಅಡಿಯ ಮುದ್ರೆ, ಸೀಮಿತ ಸಂಖ್ಯೆಯ ಗೊಂಬೆಯಾಗಿದ್ದರೆ ಅದರ ಕ್ರಮಸಂಖ್ಯೆ ಮತ್ತು ಪ್ರಮಾಣಪತ್ರ, ಇವುಗಳನ್ನು ಪರಿಶೀಲಿಸಿ. ನಾಯಿಯ ಬಾಲ, ಕುರಿಗಾಹಿಯ ಕೋಲು, ದನದ ಕೊಂಬು ಮುರಿದು ಅಂಟಿಸಿದ್ದಿರಬಹುದಾದ ಜಾಗಗಳು. ಅವುಗಳನ್ನು ಟಾರ್ಚ್ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಬೇಕು.

ಕಂಪನಿಗೆ ಸೀಮಿತಗೊಳಿಸಬೇಕೇ ಎಂಬುದಕ್ಕೆ ನನ್ನ ಉತ್ತರ, ಬೇಡ. ಒಂದು ಕೆಲಸವನ್ನು ಹಿಡಿದು ಸಂಗ್ರಹಿಸಿ. ಹಾಲು ಕರೆಯುವುದನ್ನೇ ತೆಗೆದುಕೊಂಡರೆ, ಇಂಗ್ಲೆಂಡಿನ ಸೀಸದ ಹೆಂಗಸು, ಜರ್ಮನಿಯ ಶ್ಲೈಕ್ ಕಂಪನಿಯ ಪಿವಿಸಿ ಹಸು, ಆಂಧ್ರದ ಕೊಂಡಪಲ್ಲಿಯ ಮರದ ಗೊಂಬೆ, ಬಂಗಾಳದ ಕೃಷ್ಣನಗರದ ಮಣ್ಣಿನ ಗೊಂಬೆ ಒಂದೇ ಸಾಲಿನಲ್ಲಿ ನಿಂತಾಗ, ಒಂದೇ ಕೆಲಸದಲ್ಲಿ ಕೂರುವ ಭಂಗಿ, ಪಾತ್ರೆ, ಕರುವಿನ ಜಾಗ ಹೇಗೆ ಬೇರೆ ಬೇರೆ ಎಂಬುದು ಕಣ್ಣಿಗೆ ಬೀಳುತ್ತದೆ. ಆದರೆ ಒಂದು ದೃಶ್ಯದೊಳಗೆ ಅಳತೆ ಬೆರೆಸಬಾರದು. ಬ್ರಿಟನ್ಸ್ ಗೊಂಬೆಗಳು ಹೆಚ್ಚುಕಡಿಮೆ 32ರಲ್ಲಿ ಒಂದು ಅಳತೆಯವು, ಮನುಷ್ಯ ಸುಮಾರು 54 ಮಿಲಿಮೀಟರ್ ಇರುತ್ತಾನೆ. ಶ್ಲೈಕ್‌ನವು ಸುಮಾರು 20ರಲ್ಲಿ ಒಂದು. ಇವೆರಡನ್ನು ಪಕ್ಕದಲ್ಲಿಟ್ಟರೆ ಕರುವೇ ಹಸುವಿಗಿಂತ ದೊಡ್ಡದಾಗಿ ಕಾಣುವ ಸಂದರ್ಭಗಳುಂಟು.

ನಮ್ಮ ರಾಜ್ಯದ ಚನ್ನಪಟ್ಟಣದ ಗೊಂಬೆಗಳು ನನಗೆ ಪ್ರಿಯ. ಆದರೂ ನೀವು ಹುಡುಕುವ ಬಗೆಯ ವಿವರ ಅವುಗಳಲ್ಲಿ ಸಿಗುವುದಿಲ್ಲ, ಏಕೆಂದರೆ ಹಾಲೆ ಮರವನ್ನು ಕಡೆಯುವ ಯಂತ್ರದಲ್ಲಿ ತಿರುಗಿಸಿ ಅರಗಿನ ಬಣ್ಣ ಹಾಕುವ ಕೆಲಸಕ್ಕೆ ಗುಂಡಗಿನ ಆಕಾರವೇ ಸಹಜ. ಕೊಂಡಪಲ್ಲಿಯಲ್ಲಿ ಹಗುರವಾದ ಪೊನಿಕಿ ಮರದಿಂದ ಕೈಕಾಲುಗಳನ್ನು ಬಿಡಿಯಾಗಿ ಕೆತ್ತಿ, ಹುಣಸೆ ಬೀಜದ ಸರಿಯನ್ನು ಬಳಸಿ ಕೂಡಿಸುವುದರಿಂದ ಭಂಗಿಗಳಿಗೆ ಹೆಚ್ಚು ಅವಕಾಶವಿದೆ. ಕೃಷ್ಣನಗರದ ಘೂರ್ಣಿಯ ಮಣ್ಣಿನ ಗೊಂಬೆಗಳಲ್ಲಿ ರೈತನ ಪಕ್ಕೆಲುಬು, ಹಣೆಯ ಗೆರೆ ಕೂಡ ಕಾಣುತ್ತದೆ. ವಿವರದ ದೃಷ್ಟಿಯಿಂದ ಭಾರತದಲ್ಲಿ ನಾನು ಅವುಗಳಿಗೇ ಮೊದಲ ಸ್ಥಾನ ಕೊಡುತ್ತೇನೆ.

ಮುಂಗಾರು (ಪೊನ್ನಂಪೇಟೆ) ಅವರ ಉತ್ತರ

ಬಿಳಿಯ ಪುಡಿಯ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ಅದನ್ನು ತಡಮಾಡುವಂತಿಲ್ಲ. ಸೀಸದ ಮೇಲಿನ ಬಿಳಿಯ ಪುಡಿ ಹೆಚ್ಚಿನ ಸಂದರ್ಭಗಳಲ್ಲಿ ಬೂಷ್ಟಲ್ಲ, ಸೀಸದ ಕಾರ್ಬೊನೇಟ್. ಮರದಿಂದ ಹೊರಡುವ ಅಸಿಟಿಕ್ ಆಮ್ಲದಂಥ ಆವಿಗಳು ಮುಚ್ಚಿದ ಬೀರುವಿನೊಳಗೆ ಸೇರಿಕೊಂಡು, ತೇವದ ನೆರವಿನಿಂದ ಲೋಹವನ್ನು ತಿನ್ನುತ್ತಾ ಹೋಗುತ್ತವೆ. ಓಕ್ ಮರ ಇದಕ್ಕೆ ಕುಖ್ಯಾತ. ಬೇರೆ ಮರಗಳೂ, ಪ್ಲೈವುಡ್ಡೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಇಂಥ ಆವಿಯನ್ನು ಬಿಡುತ್ತವೆ. ಗಾಜು ಕೂಡಿಸಲು ಬಳಸುವ, ವಿನೆಗರ್ ವಾಸನೆಯ ಸಿಲಿಕೋನ್ ಅಂಟು ಕೂಡ ಒಣಗುವಾಗ ಇದೇ ಆಮ್ಲವನ್ನು ಹೊರಬಿಡುತ್ತದೆ. ಆದ್ದರಿಂದ ಸೀಸದ ಗೊಂಬೆಗಳನ್ನು ಇಂದೇ ಹಲಸಿನ ಬೀರುವಿನಿಂದ ತೆಗೆದು, ಬಣ್ಣ ಚೆನ್ನಾಗಿ ಒಣಗಿರುವ ಕಬ್ಬಿಣದ ಅಥವಾ ಅಲ್ಯೂಮಿನಿಯಂ ಚೌಕಟ್ಟಿನ ಗಾಜಿನ ಕಪಾಟಿಗೆ ವರ್ಗಾಯಿಸಿ. ಆ ಪುಡಿ ವಿಷ. ಕೈಗವಸು ಮತ್ತು ಮುಖಗವಸು ಧರಿಸಿ, ಬಾಯಿಂದ ಊದದೆ, ಸ್ವಲ್ಪ ಒದ್ದೆ ಮಾಡಿದ ಹತ್ತಿಯಿಂದ ಒರೆಸಿ ತೆಗೆದು, ಗೊಂಬೆಯನ್ನು ಪೂರ್ತಿ ಒಣಗಿಸಿ. ಮಕ್ಕಳ ಕೈಗೆ ಈ ಗೊಂಬೆಗಳು ಸಿಗಲೇಬಾರದು. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಳಿಯಬೇಡಿ, ಮೂಲ ಬಣ್ಣ ಹೋದರೆ ಗೊಂಬೆಯ ಅರ್ಧ ಇತಿಹಾಸ ಹೋದಂತೆ.

ಇನ್ನು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮನೆಗಳ ಒಳಗಿನ ಗಾಳಿ ಹೇಗಿರುತ್ತದೆ ಎಂಬುದು ಕೊಡಗಿನವರಿಗೆ ಗೊತ್ತಿರುವ ವಿಷಯ. ಬೂಷ್ಟು ಹಿಡಿಯುವುದು ಸಾಮಾನ್ಯವಾಗಿ ಸಾಪೇಕ್ಷ ಆರ್ದ್ರತೆ (ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ಎಷ್ಟು ಪಾಲು ಇದೆ ಎಂಬ ಅಳತೆ) ಶೇ. 70 ದಾಟಿ ಅಲ್ಲೇ ನಿಂತಾಗ. ಬಟ್ಟೆಯ ಬೀರುವಿನೊಳಗೆ ಹಳೆಯ ಬಗೆಯ 15 ವ್ಯಾಟ್ ಬಲ್ಬನ್ನು ಉರಿಸಿಡುವ ನಮ್ಮ ರೂಢಿಗೆ ಗಟ್ಟಿಯಾದ ಕಾರಣವಿದೆ: 20 ಡಿಗ್ರಿಯಲ್ಲಿ ಶೇ. 95 ಆರ್ದ್ರತೆ ಇರುವ ಗಾಳಿಯನ್ನು 26 ಡಿಗ್ರಿಗೆ ಬೆಚ್ಚಗೆ ಮಾಡಿದರೆ, ನೀರಿನ ಅಂಶ ಅಷ್ಟೇ ಇದ್ದರೂ ಸಾಪೇಕ್ಷ ಆರ್ದ್ರತೆ ಸುಮಾರು ಶೇ. 66ಕ್ಕೆ ಇಳಿಯುತ್ತದೆ. ಎಲ್‌ಇಡಿ ಬಲ್ಬಿನಿಂದ ಇಷ್ಟು ಶಾಖ ಸಿಗುವುದಿಲ್ಲ. ಬಲ್ಬನ್ನು ಕಪಾಟಿನ ತಳದಲ್ಲಿ, ಜಾಲರಿಯ ಒಳಗೆ, ಗೊಂಬೆಗಳಿಂದ ದೂರದಲ್ಲಿ ಇಡಬೇಕು. ಶಾಖ ಹೆಚ್ಚಾದರೆ ಪಿವಿಸಿ ಗೊಂಬೆಗಳ ಒಳಗಿನ ಮೆದುಕಾರಕ ಮೇಲಕ್ಕೆ ಬಂದು ಮೈಯೆಲ್ಲ ಅಂಟಂಟಾಗುತ್ತದೆ.

ಗಾಳಿಮಳೆಗೆ ಕರೆಂಟು ದಿನಗಟ್ಟಲೆ ಹೋಗುವ ನಮ್ಮ ಕಡೆ ಬಲ್ಬನ್ನೇ ನಂಬುವಂತಿಲ್ಲವಾದ್ದರಿಂದ ತೇವ ಹೀರುವ ಸಿಲಿಕಾ ಜೆಲ್ ಹರಳುಗಳೂ ಬೇಕು. ಅದು ಕೆಲಸ ಮಾಡುವುದು ಬಾಗಿಲಿನ ಸಂದುಗಳು ಬಿಗಿಯಾಗಿ ಮುಚ್ಚಿರುವ ಕಪಾಟಿನಲ್ಲಿ ಮಾತ್ರ. ನೀಲಿ ಬಣ್ಣದ್ದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಹಾಗಾಗಿ ಕಿತ್ತಳೆಯಿಂದ ಹಸಿರಿಗೆ ತಿರುಗುವ ಬಗೆಯನ್ನು ಕೊಳ್ಳಿ. ಬಣ್ಣ ತಿರುಗಿದ ಮೇಲೆ ಓವನ್‌ನಲ್ಲಿ 110ರಿಂದ 120 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿದರೆ ಮತ್ತೆ ಬಳಸಬಹುದು. ಆರ್ದ್ರತೆ ಅಳೆಯುವ ಚಿಕ್ಕ ಡಿಜಿಟಲ್ ಮಾಪಕವೊಂದನ್ನು ಒಳಗಿಟ್ಟರೆ ಊಹೆಯ ಅಗತ್ಯ ಬೀಳುವುದಿಲ್ಲ.

ಮರದ ಗೊಂಬೆಗಳಿಗೆ ಕುಟ್ಟೆ ಹುಳು ದೊಡ್ಡ ಶತ್ರು. ಹೊಸದಾಗಿ ಬಂದ ಮರದ ಗೊಂಬೆಯನ್ನು ಕೆಲವು ವಾರ ಬಿಳಿಯ ಕಾಗದದ ಮೇಲೆ ಪ್ರತ್ಯೇಕವಾಗಿ ಇಟ್ಟು, ಸಣ್ಣ ಪುಡಿ ಉದುರುತ್ತಿಲ್ಲವೆಂದು ಖಚಿತವಾದ ಮೇಲೆಯೇ ಉಳಿದವುಗಳ ಜೊತೆ ಸೇರಿಸಿ. ಮುರಿದದ್ದನ್ನು ಕೂಡಿಸಲು ಕ್ಷಣದಲ್ಲಿ ಹಿಡಿಯುವ ಅಂಟಿಗಿಂತ, ಅಸಿಟೋನ್‌ನಲ್ಲಿ ಕರಗುವ, ಮುಂದೆ ಬೇಕಾದಾಗ ಬಿಡಿಸಬಹುದಾದ ಪ್ಯಾರಲಾಯ್ಡ್ ಬಿ-72 ಎಂಬ ಅಂಟು ಮಣ್ಣಿನ ಗೊಂಬೆಗಳಿಗೆ ಒಳ್ಳೆಯದು. ವಸ್ತುಸಂಗ್ರಹಾಲಯಗಳಲ್ಲೂ ಅದನ್ನು ಬಳಸುತ್ತಾರೆ.

ಮೇಳಿ ಮತ್ತು ನೊಗ (ಸೋಮವಾರಪೇಟೆ) ಅವರ ಉತ್ತರ

ಮಾಡಿಸುವುದು ಸಾಧ್ಯ, ಮತ್ತು ಕೊಡಗಿನ ಮಟ್ಟಿಗೆ ಅದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕುಪ್ಯ (ಕೊಡವರ ಉದ್ದ ನಿಲುವಂಗಿ), ಚೇಲೆ (ನಡುಪಟ್ಟಿ) ತೊಟ್ಟು ಪೀಚೆಕತ್ತಿ ಎಂಬ ಬಾಕು ಸಿಕ್ಕಿಸಿಕೊಂಡ ಮದುಮಗನ ಗೊಂಬೆ ಅಂಗಡಿಗಳಲ್ಲಿ ಸಿಗುತ್ತದೆ. ಆದರೆ ಅಗೆ (ಭತ್ತದ ಸಸಿ) ಕಿತ್ತು ಕಟ್ಟು ಕಟ್ಟುವ ಹೆಂಗಸು, ಕೆಸರನ್ನು ಸಮ ಮಾಡಲು ಹಲಗೆ ಹೊಡೆಯುವವನು, ಕಣದಲ್ಲಿ ಕಾಫಿ ಕೆದಕುವವರು ಎಲ್ಲಿಯೂ ಸಿಗುವುದಿಲ್ಲ. ದಕ್ಷಿಣ ಕೊಡಗಿನ ಗದ್ದೆಗಳಲ್ಲಿ ತಲೆಮಾರುಗಳ ಕಾಲ ದುಡಿದ ಎರವ ಸಮುದಾಯದವರನ್ನು ಬಿಟ್ಟು ಕೊಡಗಿನ ಬೇಸಾಯವನ್ನು ತೋರಿಸಿದರೆ ಆ ಸಂಗ್ರಹ ಅಪೂರ್ಣ.

ಅಳತೆಗೆ 12ರಲ್ಲಿ ಒಂದು ಎಂಬುದನ್ನು ಆರಿಸಿಕೊಳ್ಳಿ. ಒಂದು ಅಡಿಗೆ ಒಂದು ಅಂಗುಲ ಎಂದರೆ ನಮ್ಮ ಬಡಗಿಗಳಿಗೂ ಕುಂಬಾರರಿಗೂ ಬೇರೆ ವಿವರಣೆ ಬೇಕಾಗುವುದಿಲ್ಲ. ಐದೂವರೆ ಅಡಿಯ ಆಳು ಐದೂವರೆ ಅಂಗುಲ ಆಗುತ್ತಾನೆ. ಸುಮಾರು ಮೂರು ಅಡಿ ಎತ್ತರದ ಮಲೆನಾಡು ಗಿಡ್ಡ ಹಸು ಮೂರು ಅಂಗುಲ ಆಗುತ್ತದೆ. ಮನೆಯ ಅಟ್ಟದಲ್ಲಿ ಹಳೆಯ ನೇಗಿಲು ಇದ್ದರೆ ಈಸು, ಮೇಳಿ, ಗುಳ, ನೊಗ ಎಲ್ಲವನ್ನೂ ಟೇಪು ಹಿಡಿದು ಅಳೆದು, ನಾಲ್ಕೂ ಕಡೆಯಿಂದ ಚಿತ್ರ ತೆಗೆದು ಕೊಡಿ. ಮಣ್ಣಿನಲ್ಲಿ ಮಾಡಿಸುವುದಾದರೆ ಒಣಗಿ ಸುಡುವಷ್ಟರಲ್ಲಿ ಸುಮಾರು ಹತ್ತನೇ ಒಂದು ಭಾಗ ಕುಗ್ಗುತ್ತದೆ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಂಡು ಹಸಿ ಗೊಂಬೆಯನ್ನು ಸ್ವಲ್ಪ ದೊಡ್ಡದಾಗಿಸಬೇಕು, ಇಲ್ಲದಿದ್ದರೆ ಮರದ ನೊಗ ಮಣ್ಣಿನ ಎತ್ತಿನ ಹೆಗಲಿಗೆ ಕೂರುವುದಿಲ್ಲ.

ಮಾಡುವವರಿಗೆ ಕೆಲವು ವಿಷಯಗಳನ್ನು ಬರೆದುಕೊಡುವುದು ಅಗತ್ಯ. ಮಾದರಿಗೆ ಅಂತರಜಾಲದ ಚಿತ್ರ ಕೊಟ್ಟರೆ ಹಿಣಿಲಿಲ್ಲದ (ಹೆಗಲ ಮೇಲೆ ಡುಬ್ಬವಿಲ್ಲದ) ವಿದೇಶಿ ಹಸು ಬಂದುಬಿಡುತ್ತದೆ. ನಮ್ಮ ದನಕ್ಕೆ ಹಿಣಿಲೂ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲೂ ಬೇಕು. ಕಾಫಿ ಹಣ್ಣು ಕೊಂಬೆಯ ತುದಿಯಲ್ಲಿ ತೂಗುವುದಿಲ್ಲ, ಎಲೆಗಳ ಬುಡದ ಗಿಣ್ಣುಗಳಲ್ಲಿ ಗೊಂಚಲಾಗಿ ಅಂಟಿಕೊಂಡಿರುತ್ತದೆ, ಮತ್ತು ರೊಬಸ್ಟಾದ ಎಲೆ ಅರೇಬಿಕಾದ ಎಲೆಗಿಂತ ಅಗಲ. ನೆರಳು ಮರವಿಲ್ಲದ ತೋಟ ಕೊಡಗಿನ ತೋಟವಲ್ಲ, ಹಾಗಾಗಿ ಒಂದು ಸಿಲ್ವರ್ ಓಕ್ ಕಾಂಡವಾದರೂ, ಅದನ್ನು ತಬ್ಬಿದ ಮೆಣಸಿನ ಬಳ್ಳಿಯೂ ಇರಲಿ. ಕಾಲವನ್ನು ಬೆರೆಸಬಾರದು: ಗೊರಬು (ಮಳೆಗೆ ಹೊದ್ದುಕೊಳ್ಳುವ ಹೊದಿಕೆ) ಹೊದ್ದವರು ನಾಟಿ ಗದ್ದೆಯಲ್ಲಿ ಇರಬೇಕೇ ಹೊರತು ಹಣ್ಣು ಕೊಯ್ಯುವ ಸಾಲಿನಲ್ಲಿ ಅಲ್ಲ, ಏಕೆಂದರೆ ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ, ರೊಬಸ್ಟಾ ಕೊಯ್ಲು ಜನವರಿ ಹೊತ್ತಿಗೆ ಆರಂಭವಾಗುತ್ತದೆ. ಸುಗ್ಗಿಯ ಹಬ್ಬವಾದ ಹುತ್ತರಿಯಂದು ಕದಿರು (ಹೊಸ ತೆನೆ) ತೆಗೆಯುವ ದೃಶ್ಯದಲ್ಲಿ ಕುಪ್ಯ ಸರಿಯೇ, ಆದರೆ ಅದು ರಾತ್ರಿಯ ದೃಶ್ಯ, ದೀಪವೂ ಕೋವಿಯೂ ಜೊತೆಗಿರಬೇಕು. ಕೊಡವತಿಯ ಸೀರೆಯ ನೆರಿಗೆ ಬೆನ್ನ ಹಿಂದೆ ಬರುತ್ತದೆ ಎಂಬುದನ್ನು ಹೊರಗಿನ ಕಲಾವಿದರಿಗೆ ಚಿತ್ರ ಸಮೇತ ತೋರಿಸಿ. ಹಳೆಯದು ಮಾತ್ರವಲ್ಲ, ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿದ ಟಿಲ್ಲರ್ ಕೂಡ ಈಗ ನಮ್ಮ ಗದ್ದೆಯ ಭಾಗವೇ; ಅದನ್ನೂ ಮಾಡಿಸಿ.

ಗದ್ದೆಬದು ಅವರ ಮರುಪ್ರಶ್ನೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸೀಸದ ಗೊಂಬೆಗಳನ್ನು ಈಗಾಗಲೇ ಕಬ್ಬಿಣದ ಕಪಾಟಿಗೆ ವರ್ಗಾಯಿಸಿದ್ದೇನೆ. ಇನ್ನೊಂದು ಸಂದೇಹವಿದೆ. ಅಯ್ಯಪ್ಪನ ದೇವರಕಾಡುಗಳಲ್ಲಿ ಹರಕೆಯಾಗಿ ಒಪ್ಪಿಸುವ ಮಣ್ಣಿನ ನಾಯಿಗಳು ನಮ್ಮ ನೆಲದ ಅತ್ಯಂತ ಹಳೆಯ ಬಗೆಯ ಕಿರುಗೊಂಬೆಗಳಲ್ಲಿ ಸೇರುತ್ತವೆ ಎಂದು ನನಗೆ ಅನಿಸುತ್ತದೆ. ಮಳೆಗೆ ಸಿಕ್ಕಿ, ಪಾಚಿ ಕಟ್ಟಿ, ಒಡೆದು ಹೋಗುತ್ತಿರುವವುಗಳಲ್ಲಿ ಒಂದನ್ನು ಉಳಿಸುವ ಉದ್ದೇಶದಿಂದ ತಂದು ಇಡುವುದು ಸರಿಯೇ?

ಮೇಳಿ ಮತ್ತು ನೊಗ ಅವರ ಉತ್ತರ

ದಯವಿಟ್ಟು ತರಬೇಡಿ. ಅದು ಬೇಟೆಯ ದೇವರಿಗೆ ಯಾರೋ ಮನಸಾರೆ ಕೊಟ್ಟ ಹರಕೆ. ಒಪ್ಪಿಸಿದ ಮೇಲೆ ಅದು ದೇವರದ್ದು, ಮತ್ತು ಆ ಕಾಡಿನ ಮಣ್ಣಿಗೇ ಮರಳುವುದು ಅದರ ಪಾಲಿಗೆ ಕೆಡುಕಲ್ಲ. ದೇವರಕಾಡಿನಿಂದ ಒಣಕಡ್ಡಿಯನ್ನೂ ತರಬಾರದು ಎಂಬ ಕಟ್ಟುಪಾಡಿನಿಂದಲೇ ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳು ಇಂದಿಗೂ ಉಳಿದುಕೊಂಡಿವೆ. ಹಳೆಯ ನಾಯಿಗಳ ರೂಪ ನಿಮಗೆ ಬೇಕಿದ್ದರೆ, ದೇವತಕ್ಕರ (ದೇವಸ್ಥಾನದ ಮುಖ್ಯಸ್ಥರ) ಒಪ್ಪಿಗೆ ಪಡೆದು, ಮುಟ್ಟದೆ ಚಿತ್ರ ತೆಗೆದುಕೊಳ್ಳಿ. ಹರಕೆಗೆ ಮಾಡಿಕೊಡುವ ಕುಂಬಾರರನ್ನೇ ಕಂಡು, ಸಂಗ್ರಹಕ್ಕೆಂದು ಮೊದಲೇ ಹೇಳಿ, ಅದೇ ಮಣ್ಣಿನಲ್ಲಿ ಅದೇ ಕೈಯಿಂದ ಒಂದನ್ನು ಮಾಡಿಸಿಕೊಳ್ಳಿ. ಅದಕ್ಕೆ ಬಣ್ಣವಾಗಲಿ ವಾರ್ನಿಷ್ ಆಗಲಿ ಬೇಡ. ಸುಟ್ಟ ಮಣ್ಣಿನ ಮೈಮೇಲೆ ಬೆರಳಿನ ಗುರುತು ಕಾಣುವಂತೆಯೇ ಇರಲಿ. ಅವರು ಒಪ್ಪಿದರೆ ಹಸಿ ಇರುವಾಗಲೇ ಅಡಿಯಲ್ಲಿ ಅವರ ಹೆಸರು, ಊರು, ವರ್ಷ ಗೀರಿಸಿ. ನೇಗಿಲಿಗೂ ಎತ್ತಿಗೂ ನಾಟಿಯ ಹೆಂಗಸರಿಗೂ ಇದೇ ಕ್ರಮವನ್ನು ಪಾಲಿಸಿ.