ಅಪ್‌ಡೇಟ್: ಪೋಸ್ಟರ್ ಹೆಡ್ಡಿಂಗ್‌ಗೆ ಫಾಂಟ್ ಸಿಕ್ತು

ಇಂಗ್ಲಿಷ್ ಪೋಸ್ಟರ್ ಹೆಡ್ಡಿಂಗ್‌ಗೆ ಯಾವ ಬೋಲ್ಡ್ ಜಿಯೊಮೆಟ್ರಿಕ್ ಸ್ಯಾನ್ಸ್ (ವೃತ್ತ, ಚೌಕದಂಥ ಆಕಾರದ, ತುದಿಗಳಲ್ಲಿ ಚಿಕ್ಕ ಗೆರೆಗಳಿಲ್ಲದ ದಪ್ಪ ಫಾಂಟ್) ಹಾಕ್ಲಿ, ದೊಡ್ಡ ಸೈಜಲ್ಲಿ ಅಕ್ಷರಗಳ ಮಧ್ಯೆ ಯಾಕಿಷ್ಟು ಗ್ಯಾಪ್ ಕಾಣುತ್ತೆ ಅಂತ ಕೇಳಿದ್ನಲ್ಲ, ಕೊನೆಗೆ ಫ್ಯೂಚುರಾ ಬೋಲ್ಡೇ ಫೈನಲ್ ಆಯ್ತು. ಪೌಲ್ ರೆನ್ನರ್ ಡಿಸೈನ್ ಮಾಡಿದ್ದು, 1927ರಲ್ಲಿ ಬಂದಿದ್ದು, ಇವತ್ತಿಗೂ ಎಷ್ಟು ಫ್ರೆಶ್ ಆಗಿದೆ ನೋಡಿ! ನೀವು ಹೇಳ್ದಂಗೆ ಟ್ರ್ಯಾಕಿಂಗ್ (ಎಲ್ಲಾ ಅಕ್ಷರಗಳ ಮಧ್ಯದ ಒಟ್ಟಾರೆ ಗ್ಯಾಪ್) ಕಮ್ಮಿ ಮಾಡಿ, 'ಎ' 'ವಿ' ಅಕ್ಕಪಕ್ಕ ಬಂದ ಕಡೆ ನಾನೇ ಕರ್ನಿಂಗ್ (ಆ ಎರಡು ಅಕ್ಷರಗಳ ಮಧ್ಯದ ಗ್ಯಾಪ್) ಸರಿ ಮಾಡ್ದೆ, ಈಗ ಪೂರ್ತಿ ಹೆಡ್ಡಿಂಗ್ ಗಟ್ಟಿಯಾಗಿ ಒಂದೇ ಬ್ಲಾಕ್ ಥರ ಕೂತಿದೆ. ನಂಗೆ ತುಂಬಾ ಇಷ್ಟ ಆಗಿದ್ದು 'ಓ', ಝೂಮ್ ಮಾಡಿದ್ರೆ ಅದು ಅಕ್ಷರಗಳು ಕೂರೋ ಗೆರೆ, ಅಂದ್ರೆ ಬೇಸ್‌ಲೈನ್‌ಗಿಂತ ಚೂರು ಕೆಳಗೆ ಇಳಿದಿರುತ್ತೆ, ಇಲ್ದಿದ್ರೆ ಪಕ್ಕದ ಅಕ್ಷರಗಳಿಗಿಂತ ಚಿಕ್ಕದಾಗಿ ಕಾಣುತ್ತೆ. ಸಣ್ಣ ಟೆಕ್ಸ್ಟ್‌ಗೆ ಮಾತ್ರ ಬೇರೆ ಫಾಂಟ್ ಹಾಕ್ದೆ, ಈ ದಪ್ಪದಲ್ಲಿ ಅಕ್ಷರದ ಒಳಗಿನ ಖಾಲಿ ಜಾಗ ಮುಚ್ಚೋಗುತ್ತೆ. ಎಲ್ರಿಗೂ ತುಂಬಾ ಥ್ಯಾಂಕ್ಸ್.