ಒಂಬತ್ತು ಕಲಂಗಳ ದಿನಚರಿ: ಯಾವುದನ್ನು ಹಿಡಿಯಲಿ, ಯಾವುದನ್ನು ಬಿಡಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 43 ವರ್ಷ. ಒಂದು ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮನೆಯಲ್ಲಿ ಪತಿ, ಹದಿನಾಲ್ಕರ ಮಗಳು, ಜೊತೆಗೆ ಕಳೆದ ವರ್ಷ ಬಿದ್ದು ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾದ ನನ್ನ ಅಮ್ಮ ಇದ್ದಾರೆ. ಅಮ್ಮ ಈಗ ವಾಕರ್ ಹಿಡಿದು ನಿಧಾನವಾಗಿ ನಡೆಯುತ್ತಾರೆ.

ವರ್ಷದ ಮೊದಲ ದಿನ ದಪ್ಪ ರಟ್ಟಿನ ಒಂದು ಪುಸ್ತಕ ತೆಗೆದುಕೊಂಡು, ಸ್ಕೇಲ್ ಇಟ್ಟು ಪ್ರತಿ ಪುಟದಲ್ಲೂ ಒಂಬತ್ತು ಕಲಂ ಎಳೆದೆ. ನಿದ್ದೆ, ನಡಿಗೆ, ಯೋಗಾಸನ, ಧ್ಯಾನ, ನೀರು, ಓದು, ಮನಸ್ಸಿನ ಮಾತನ್ನು ಬರೆದಿಡುವುದು, ಹೊಸ ಭಾಷೆಯ ಕಲಿಕೆ, ಮನೆಯವರೊಂದಿಗೆ ಸಮಯ. ಮಾಡಿದ್ದಕ್ಕೆ ಹಸಿರು ಚುಕ್ಕಿ, ತಪ್ಪಿದ್ದಕ್ಕೆ ಕೆಂಪು ಗೀಟು. ದಿನವಿಡೀ ಲೆಕ್ಕ ತಾಳೆ ನೋಡುವವಳು ನಾನು. ಕಲಂ ಹಾಕಿದರೆ ಬದುಕೂ ತಾಳೆಯಾಗುತ್ತದೆ ಎಂದು ಮನಸಾರೆ ನಂಬಿದ್ದೆ.

ಹನ್ನೊಂದು ದಿನ ಪುಟಗಳೆಲ್ಲ ಹಸಿರಾಗಿದ್ದವು. ಹನ್ನೆರಡನೆಯ ದಿನ ಕಚೇರಿಯಿಂದ ಬಂದಾಗ ರಾತ್ರಿ ಒಂಬತ್ತೂವರೆ. ಆರು ಕೆಂಪು ಗೀಟು ಬಿದ್ದವು. ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಮಾತ್ರ ಅಭ್ಯಾಸ ಉಳಿಯುತ್ತದೆ ಎಂದು ಎಲ್ಲೋ ಕೇಳಿದ್ದರಿಂದ ಮರುದಿನ ಮತ್ತೆ 1 ಎಂದು ಬರೆದು ಆರಂಭಿಸಿದೆ. ಹೀಗೆ ನಾಲ್ಕು ಸಲ 1 ಬರೆದಿದ್ದೇನೆ.

ಇದನ್ನು ಇಲ್ಲಿ ಬರೆಯಲು ಕಾರಣ ಹೋದ ವಾರದ ಒಂದು ರಾತ್ರಿ. ಅಮ್ಮನ ಮಾತ್ರೆಗಳನ್ನೆಲ್ಲ ಡಬ್ಬಿಗೆ ಹಾಕಿಟ್ಟು, ಹನ್ನೊಂದು ಗಂಟೆ ದಾಟಿದ ಮೇಲೆ, ಆ ಒಂದು ಕಲಂ ತುಂಬಲೆಂದೇ ಧ್ಯಾನಕ್ಕೆ ಕುಳಿತೆ. ಮಗಳು ಬಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಏನೋ ಹೇಳಬೇಕೆಂದಿದ್ದಳು, ಮುಖದಲ್ಲೇ ತಿಳಿಯುತ್ತಿತ್ತು. ನಾನು ಕಣ್ಣು ಪೂರ್ತಿ ತೆರೆಯದೆ, ಹತ್ತು ನಿಮಿಷ ಎಂದು ಎರಡೂ ಕೈಯ ಬೆರಳು ತೋರಿಸಿದೆ. ಎದ್ದು ಹೋಗಿ ನೋಡಿದರೆ ದೀಪ ಆರಿಸಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಬೆಳಿಗ್ಗೆ ಕೇಳಿದ್ದಕ್ಕೆ "ಏನೂ ಇಲ್ಲ ಅಮ್ಮ" ಎಂದಳು. ಆ ರಾತ್ರಿಯ ಪುಟದಲ್ಲಿ ಧ್ಯಾನದ ಕಲಮಿನಲ್ಲಿ ಹಸಿರು ಚುಕ್ಕಿಯಿದೆ. ಅದನ್ನು ನೋಡಿದಾಗಲೆಲ್ಲ ಎದೆ ಹಿಂಡಿದಂತಾಗುತ್ತದೆ.

ದೇಹ, ಮನಸ್ಸು, ಸಂಬಂಧ, ಕಲಿಕೆ ಎಲ್ಲವನ್ನೂ ಒಟ್ಟಿಗೆ ಹದದಲ್ಲಿ ಇಟ್ಟುಕೊಂಡವರು ನಿಜವಾಗಿಯೂ ಇದ್ದಾರೆಯೇ? ಒಂಬತ್ತರಲ್ಲಿ ಯಾವುದನ್ನು ಬಿಡಬೇಕು? ಬಿಡುವುದು ಸೋಲಲ್ಲವೇ?

ಉತ್ತರ 1

ತಂಗೀ, ನಾನು ನಿಮಗಿಂತ ಹತ್ತು ವರ್ಷ ದೊಡ್ಡವಳು, ಇಪ್ಪತ್ನಾಲ್ಕು ವರ್ಷದಿಂದ ಶುಶ್ರೂಷಕಿ. ನಿಮ್ಮ ಬರಹವನ್ನು ಎರಡು ಸಲ ಓದಿದೆ.

ಮೊದಲು ಆ ಇಪ್ಪತ್ತೊಂದು ದಿನದ ಮಾತನ್ನು ತಲೆಯಿಂದ ತೆಗೆದುಹಾಕಿ. ಅಭ್ಯಾಸ ಬೇರೂರಲು ಎಷ್ಟು ದಿನ ಬೇಕೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಅವರ ಸಹೋದ್ಯೋಗಿಗಳು 96 ಜನರನ್ನು 12 ವಾರ ಗಮನಿಸಿ ನೋಡಿದ್ದಾರೆ. ಅದು 2010ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕ ನಡುವಿನ ಅಂಕಿ 66 ದಿನ. ಆದರೆ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕಾದೀತು ಎಂಬ ಅಂದಾಜು ಬಂತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂತಹ ನಷ್ಟವೇನೂ ಆಗಲಿಲ್ಲ. ಅಂದರೆ ನೀವು ನಾಲ್ಕು ಸಲ 1 ಎಂದು ಬರೆದಿರಲ್ಲ, ಅದರ ಅಗತ್ಯವೇ ಇರಲಿಲ್ಲ. ಹದಿಮೂರನೆಯ ದಿನ 13 ಎಂದೇ ಬರೆಯಬೇಕಿತ್ತು.

ಆ ಅಧ್ಯಯನದಲ್ಲಿ ನಿಮಗೆ ಬೇಕಾದ ಇನ್ನೊಂದು ವಿಷಯವಿದೆ. ಒಬ್ಬೊಬ್ಬರೂ ಆರಿಸಿಕೊಂಡದ್ದು ಒಂದೇ ಒಂದು ಕೆಲಸ. ಅದನ್ನೂ ದಿನದ ಯಾವುದೋ ಒಂದು ಖಚಿತವಾದ ಗಳಿಗೆಗೆ ಕಟ್ಟಿಹಾಕಿಕೊಂಡಿದ್ದರು. ನೀವು ಒಂಬತ್ತನ್ನು ಒಂದೇ ಬೆಳಿಗ್ಗೆ ಹೊತ್ತುಕೊಂಡಿರಿ. ಇದರಲ್ಲಿ ನಿಮ್ಮ ಮನೋಬಲದ ಕೊರತೆ ನನಗೆ ಕಾಣುತ್ತಿಲ್ಲ.

ಹಿಡಿಯುವುದಾದರೆ ನಿದ್ದೆಯನ್ನು ಹಿಡಿಯಿರಿ. ಪುಸ್ತಕದ ಮಾತಲ್ಲ, ಕಂಡದ್ದನ್ನು ಹೇಳುತ್ತೇನೆ. ರಾತ್ರಿ ಪಾಳಿಯಲ್ಲಿದ್ದ ವರ್ಷಗಳಲ್ಲಿ ನಾನು ಬರೆದ ರೋಗಿಗಳ ಚಾರ್ಟ್‌ಗಳನ್ನು ಬೆಳಿಗ್ಗೆ ನೋಡುತ್ತಿದ್ದೆ. ಹತ್ತು ಗಂಟೆಗೆ ಬರೆದ ಅಕ್ಷರ ನೆಟ್ಟಗೆ, ದುಂಡಗೆ ಇರುತ್ತಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಅದೇ ಕೈಯ ಅಕ್ಷರ ಕುಗ್ಗಿ, ಸಾಲು ಬಿಟ್ಟು ಕೆಳಗಿಳಿದಿರುತ್ತಿತ್ತು. ಬರೆಯುವಾಗ ಅದು ನನ್ನ ಅರಿವಿಗೇ ಬಂದಿರುತ್ತಿರಲಿಲ್ಲ. ಅಂದಿನಿಂದ ಆ ಹೊತ್ತಿನ ಪ್ರತಿ ಔಷಧದ ಅಳತೆಯನ್ನೂ ಜೊತೆಯವರಿಗೆ ತೋರಿಸಿಯೇ ಕೊಡುತ್ತಿದ್ದೆ. ನಿದ್ದೆಗೆಟ್ಟವರಿಗೆ ತಾವು ಕೆಟ್ಟಿರುವುದೇ ತಿಳಿಯುವುದಿಲ್ಲ. ತಾಳ್ಮೆಯೂ ಆ ಅಕ್ಷರದ ಹಾಗೆಯೇ ಕುಗ್ಗುತ್ತದೆ. ಬಾಗಿಲಲ್ಲಿ ನಿಂತ ಮಗುವಿಗೆ ಬೆರಳು ತೋರಿಸಿದ್ದು ನೀವೆಂದು ನನಗೆ ಅನಿಸುವುದಿಲ್ಲ. ಹನ್ನೊಂದು ಗಂಟೆಯ ದಣಿವು ತೋರಿಸಿತು.

ವಯಸ್ಕರಿಗೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು. ಆದರೆ ಮಲಗುವ ಹೊತ್ತನ್ನು ಹಟ ಹಿಡಿದು ಸಾಧಿಸಲು ಆಗುವುದಿಲ್ಲ, ನಿದ್ದೆ ಕರೆದಾಗ ಬರುವಂಥದ್ದಲ್ಲ. ಏಳುವ ಹೊತ್ತು ಮಾತ್ರ ನಮ್ಮ ಕೈಯಲ್ಲಿದೆ. ಅದನ್ನು ರಜೆಯ ದಿನವೂ ಬದಲಿಸಬೇಡಿ. ಎದ್ದು ಸ್ವಲ್ಪ ಹೊತ್ತಿನಲ್ಲೇ ಹೊರಗಿನ ಬೆಳಕಿಗೆ ಹೋಗಿ. ಕಣ್ಣಿಗೆ ಬಿದ್ದ ಬೆಳಕಿನ ಸುದ್ದಿ ಮಿದುಳಿನ ಹೈಪೋಥಲಮಸ್‌ನಲ್ಲಿರುವ ಒಂದು ಪುಟ್ಟ ಭಾಗಕ್ಕೆ ತಲುಪಿ, ದೇಹದ ಗಡಿಯಾರಕ್ಕೆ ಅಲ್ಲಿ ಕೀಲಿ ಬೀಳುತ್ತದೆ. ನಿದ್ದೆಯ ಹೊತ್ತಾಯಿತೆಂದು ದೇಹಕ್ಕೆ ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನು ರಾತ್ರಿ ಯಾವಾಗ ಏರಬೇಕೆಂಬುದೂ ಆಗಲೇ ತೀರ್ಮಾನವಾಗತೊಡಗುತ್ತದೆ. ಈ ಗಡಿಯಾರ ಜೀವಕೋಶದೊಳಗೆ ಹೇಗೆ ನಡೆಯುತ್ತದೆ ಎಂಬುದನ್ನು ಬಿಡಿಸಿದ್ದಕ್ಕೆ 2017ರಲ್ಲಿ ಹಾಲ್, ರಾಸ್‌ಬ್ಯಾಶ್, ಯಂಗ್ ಎಂಬ ಮೂವರಿಗೆ ನೊಬೆಲ್ ಸಂದಿತು.

ಬೆಳಕಿಗೆ ಹೋಗುವಾಗ ಅಮ್ಮನನ್ನೂ ಕರೆದುಕೊಂಡು ಹೋಗಿ. ಎಷ್ಟು ನಡೆಸಬೇಕೆಂದು ಅವರ ಫಿಸಿಯೋಥೆರಪಿಸ್ಟ್ ಅವರನ್ನು ಕೇಳಿಕೊಳ್ಳಿ. ವಾಕರ್ ಜೊತೆಗಿನ ನಡಿಗೆ ನಿಮ್ಮ ಸ್ನಾಯುಗಳಿಗೆ ವ್ಯಾಯಾಮವಾಗದು, ಅದನ್ನು ಕಚೇರಿಯ ಮೆಟ್ಟಿಲಲ್ಲಿ ಪಡೆಯಿರಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷ ಸಾಧಾರಣ ಶ್ರಮ ಎಂದು ಹೇಳುವಾಗ, ಒಮ್ಮೆಗೆ ಕನಿಷ್ಠ ಹತ್ತು ನಿಮಿಷ ಇರಬೇಕೆಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ. ಎರಡು ನಿಮಿಷ ಬಿರುಸಾಗಿ ಮೆಟ್ಟಿಲು ಹತ್ತಿದರೂ ಅದು ಲೆಕ್ಕಕ್ಕೆ ಬರುತ್ತದೆ.

ಉಳಿದದ್ದನ್ನು ಸದ್ಯಕ್ಕೆ ಬದಿಗಿಡಿ. ಭಾಷೆ ಮುಂದಿನ ವರ್ಷವೂ ಇರುತ್ತದೆ.

ಉತ್ತರ 2

ಅಕ್ಕ, ನಮಸ್ಕಾರ. ಮೇಲಿನ ಉತ್ತರದಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಪುಸ್ತಕವನ್ನು ಬಿಸಾಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ನನಗೆ 34. ಎರಡು ವರ್ಷದ ಹಿಂದೆ ಕೆಲಸದಲ್ಲಿ ಪೂರ್ತಿ ಬಸವಳಿದು ಮೂರು ತಿಂಗಳು ರಜೆ ಹಾಕಬೇಕಾಯಿತು. ಆಗ ನನ್ನನ್ನು ಎಬ್ಬಿಸಿದ್ದು ಅಂಥದ್ದೇ ಒಂದು ಪುಸ್ತಕ. ವ್ಯತ್ಯಾಸವೆಂದರೆ ನಾನು ಬರೆಯುತ್ತಿದ್ದುದು ನನ್ನ ತಪ್ಪುಗಳನ್ನಲ್ಲ.

ನಿಮ್ಮ ಬರಹದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು "ರಾತ್ರಿ ಒಂಬತ್ತೂವರೆ" ಎಂಬ ಮಾತು. ಆ ಆರು ಕೆಂಪು ಗೀಟು ಬಿದ್ದದ್ದು ಕಚೇರಿಯಿಂದ. ಅದನ್ನು ನಿಮ್ಮ ಖಾತೆಗೆ ಏಕೆ ಬರೆದುಕೊಂಡಿರಿ? ವಿಶ್ವ ಆರೋಗ್ಯ ಸಂಸ್ಥೆಯು ರೋಗಗಳನ್ನು ವಿಂಗಡಿಸುವ ತನ್ನ ಪಟ್ಟಿಯಾದ ಐಸಿಡಿ-11ರಲ್ಲಿ, 2019ರಲ್ಲಿ, ಈ ಬಸವಳಿಕೆಯನ್ನು ವಿವರಿಸುವಾಗ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಎಂದಿದೆ. ತ್ರಾಣ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದರಲ್ಲಿ ಹುರುಳಿಲ್ಲ ಎನಿಸುವುದು, ಈ ಮೂರನ್ನೂ ಅದು ಕೆಲಸಕ್ಕೆ ಸಂಬಂಧಿಸಿಯೇ ಹೇಳುತ್ತದೆ. ಒತ್ತಡದ ಮೂಲ ಹೊರಗಿರುವಾಗ ಎಷ್ಟು ಧ್ಯಾನ ಮಾಡಿದರೂ ಸೋರುವ ಕೊಡಕ್ಕೆ ನೀರು ಹೊತ್ತಂತೆ.

ಎರಡು ವಾರ ಹೀಗೆ ಮಾಡಿ ನೋಡಿ. ಮನೆಗೆ ಬಂದ ಹೊತ್ತು, ಕೊನೆಯದಾಗಿ ಮಾಡಿದ ಕೆಲಸ ಯಾವುದು, ಇವೆರಡನ್ನು ಮಾತ್ರ ಬರೆಯಿರಿ. ನಾನು ಹತ್ತು ಸಂಜೆ ಬರೆದಾಗ ಏಳು ಸಂಜೆ ಒಂದೇ ವರದಿ ನನ್ನನ್ನು ಹಿಡಿದು ಕೂರಿಸಿತ್ತು. ಬೇರೆ ವಿಭಾಗದಿಂದ ಅಂಕಿಗಳು ಸಂಜೆ ಆರಕ್ಕೆ ಬರುತ್ತಿದ್ದವು. ಆ ಪುಟವನ್ನು ಮೇಲಧಿಕಾರಿಯ ಮೇಜಿನ ಮೇಲಿಟ್ಟು, ಮೂರು ಗಂಟೆಗೆ ಕೊಡಿಸಿ ಎಂದು ಕೇಳಿದೆ. ಮೊದಲು ಆಗುವುದಿಲ್ಲ ಎಂದರು. ಎರಡು ವಾರದ ನಂತರ ಆಯಿತು. ಎಲ್ಲರಿಗೂ ಹಾಗಾಗುತ್ತದೆ ಎಂದು ಹೇಳಲಾರೆ. ಆದರೆ ಕೇಳದೆ ಇದ್ದಿದ್ದರೆ ನನಗೂ ಆಗುತ್ತಿರಲಿಲ್ಲ.

ಉತ್ತರ 3

ಮಗಳೇ, ನಾನು ನಿವೃತ್ತ. ಪಾರ್ಶ್ವವಾಯುವಾದ ನನ್ನ ಪತ್ನಿಯನ್ನು ಆರು ವರ್ಷ ನೋಡಿಕೊಂಡೆ. ಒಂದೇ ಮಾತು ಕೇಳುತ್ತೇನೆ. ನಿಮ್ಮ ಬರಹದಲ್ಲಿ ಪತಿ ಎಂಬ ಪದ ಒಂದೇ ಸಲ ಬಂದಿದೆ, ಅದೂ ಮನೆಯಲ್ಲಿ ಯಾರು ಯಾರು ಇದ್ದಾರೆ ಎಂಬ ಪಟ್ಟಿಯಲ್ಲಿ. ಅಮ್ಮನ ಮಾತ್ರೆಗಳನ್ನು ಅವರು ಹಾಕಿಡಬಾರದೇ? ನನ್ನ ಮಗ ದೂರದಿಂದ ಪ್ರತಿ ತಿಂಗಳು ಬಂದು ಎರಡು ರಾತ್ರಿ ತಾಯಿಯ ಪಕ್ಕ ಮಲಗುತ್ತಿದ್ದ. ಆ ಎರಡು ರಾತ್ರಿಯ ಬಲದಿಂದ ನಾನು ತಿಂಗಳು ತಳ್ಳುತ್ತಿದ್ದೆ. ಅದನ್ನು ಕೇಳಲು ನನಗೆ ಎರಡು ವರ್ಷ ಬೇಕಾಯಿತು. ನೀವು ಅಷ್ಟು ಕಾಯಬೇಡಿ.

ಪ್ರಶ್ನೆ ಕೇಳಿದವರಿಂದ, ನಾಲ್ಕು ವಾರದ ನಂತರ

ಎಲ್ಲರ ಉತ್ತರವನ್ನೂ ಓದಿದ ಮೇಲೆ ತಕ್ಷಣ ಏನೂ ಬರೆಯಲು ಆಗಲಿಲ್ಲ. ಹಿರಿಯರ ಮಾತನ್ನು ಪತಿಗೆ ಓದಿ ಹೇಳಿದೆ. ಅವರು ಸುಮ್ಮನೆ ಕೇಳಿಸಿಕೊಂಡು, ಮಾತ್ರೆಯ ಡಬ್ಬಿ ತಂದು, "ಯಾವುದು ಯಾವ ಹೊತ್ತಿಗೆ ಅಂತ ಒಮ್ಮೆ ತೋರಿಸು" ಎಂದರು. ಇಷ್ಟು ತಿಂಗಳು ನಾನು ತೋರಿಸಿರಲೇ ಇಲ್ಲ. ಮೊದಲ ಮೂರು ದಿನ ಅವರು ಹಾಕಿದ ಮೇಲೆ ನಾನು ಗುಟ್ಟಾಗಿ ಹೋಗಿ ಎಣಿಸಿದೆ. ನಾಲ್ಕನೆಯ ದಿನ ಎಣಿಸಲಿಲ್ಲ.

ಬೆಳಿಗ್ಗೆ ಐದೂಮುಕ್ಕಾಲಕ್ಕೆ ಏಳುತ್ತಿದ್ದೇನೆ. ಎರಡು ಭಾನುವಾರ ತಪ್ಪಿತು, ಆದರೆ ಮತ್ತೆ 1 ಎಂದು ಬರೆಯಲಿಲ್ಲ. ಅಮ್ಮನೂ ನಾನೂ ಬಾಗಿಲಿನಿಂದ ಗೇಟಿನವರೆಗೆ ಹೋಗಿ ಬರುತ್ತೇವೆ. ಮೊದಲ ದಿನ ಒಂದು ಸುತ್ತು, ಈಗ ನಾಲ್ಕು. ವಾಕರ್‌ನ ರಬ್ಬರ್ ಕಾಲು ನೆಲಕ್ಕೆ ತಾಗುವ ಸದ್ದು, ಆಮೇಲೆ ಅಮ್ಮನ ಒಂದು ಹೆಜ್ಜೆ, ಆಮೇಲೆ ಇನ್ನೊಂದು. ಅವಸರ ಮಾಡಲು ದಾರಿಯೇ ಇಲ್ಲ. ಅವರು ತಮ್ಮ ಬಾಲ್ಯದ ಮಾತು ಹೇಳುತ್ತಾರೆ, ನನಗೆ ಗೊತ್ತೇ ಇರದ ಮಾತುಗಳು. ರಾತ್ರಿ ಹತ್ತೂವರೆಗೆ ಕಣ್ಣು ತಾನಾಗಿ ಎಳೆಯುತ್ತದೆ.

ಕಚೇರಿಯ ವಿಷಯ ಇನ್ನೂ ಬಗೆಹರಿದಿಲ್ಲ. ಎರಡು ವಾರದ ಪಟ್ಟಿ ಸಿದ್ಧವಾಗಿದೆ, ತಿಂಗಳ ಲೆಕ್ಕ ಮುಗಿದ ಮೇಲೆ ಕೇಳುತ್ತೇನೆ.

ಮಗಳು ಆ ರಾತ್ರಿ ಏನು ಹೇಳಬೇಕೆಂದಿದ್ದಳೋ ಅದನ್ನು ಇವತ್ತಿಗೂ ಹೇಳಿಲ್ಲ. ನಾನು ಒತ್ತಾಯಿಸಿಲ್ಲ. ಮೊನ್ನೆ ಮಾತ್ರ ತಾನಾಗಿ ಬಂದು ನನ್ನ ಹಾಸಿಗೆಯ ತುದಿಯಲ್ಲಿ ಕುಳಿತು, ತರಗತಿಯಲ್ಲಿ ಜಾಗ ಬದಲಿಸಿದ್ದರಿಂದ ಗೆಳತಿ ದೂರವಾದದ್ದನ್ನು ಹೇಳಿದಳು. ಅದು ಅದೇ ಮಾತೋ ಬೇರೆಯದೋ ತಿಳಿಯದು. ಪೂರ್ತಿ ಕೇಳಿದೆ.

ಒಂದು ತೊಡಕು ಉಳಿದಿದೆ, ಅಕ್ಕ. ಅಮ್ಮ ರಾತ್ರಿ ಎರಡರ ಸುಮಾರಿಗೆ ಶೌಚಕ್ಕೆ ಏಳುತ್ತಾರೆ. ಅವರನ್ನು ಮಲಗಿಸಿ ಬಂದ ಮೇಲೆ ನನಗೆ ಒಂದು ಗಂಟೆ ನಿದ್ದೆ ಹತ್ತುವುದಿಲ್ಲ. ಏನು ಮಾಡಲಿ?

ಉತ್ತರ 1ರವರಿಂದ ಮತ್ತೆ

ನಾಲ್ಕು ಸುತ್ತು ಎಂದು ಓದಿ ಬಹಳ ಸಂತೋಷವಾಯಿತು, ತಂಗೀ.

ದೊಡ್ಡ ದೀಪ ಹಾಕಬೇಡಿ. ಅಮ್ಮನ ಕೋಣೆಯಿಂದ ಶೌಚಾಲಯದವರೆಗೆ ನೆಲದ ಹತ್ತಿರ ಮಂದವಾದ ದೀಪ ಇಡಿ. ಹೆಜ್ಜೆ ಕಾಣುವಷ್ಟು ಬೆಳಕು ಇರಲೇಬೇಕು, ಅವರು ಇನ್ನೊಮ್ಮೆ ಬೀಳಬಾರದು. ಮಲಗಲು ಬಂದ ಮೇಲೆ ಗಡಿಯಾರವನ್ನಾಗಲಿ ಮೊಬೈಲನ್ನಾಗಲಿ ನೋಡಬೇಡಿ. ಇಪ್ಪತ್ತು ನಿಮಿಷ ಕಳೆದಿರಬಹುದು ಎನಿಸಿದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು, ಮಂದ ಬೆಳಕಿನಲ್ಲಿ ಕುಳಿತುಕೊಳ್ಳಿ. ನಿದ್ದೆ ಬಂದಾಗ ಮಾತ್ರ ಹಾಸಿಗೆಗೆ ಹಿಂತಿರುಗಿ. ಎಷ್ಟೇ ತಡವಾಗಿ ಮಲಗಿದರೂ ಐದೂಮುಕ್ಕಾಲು ಬದಲಾಗಬಾರದು.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗೆಯೇ ಆದರೆ ವೈದ್ಯರನ್ನು ಕಾಣಿ. ಅದಕ್ಕೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ನಿದ್ದೆಯ ರೂಢಿಯನ್ನೂ ಅದರ ಕುರಿತ ಆತಂಕವನ್ನೂ ತಿದ್ದುವ ವರ್ತನಾ ಚಿಕಿತ್ಸೆ. ಮತ್ತೆ, ವಾರದಲ್ಲಿ ಮೂರು ರಾತ್ರಿ ಎರಡು ಗಂಟೆಗೆ ಏಳುವ ಸರದಿ ನಿಮ್ಮ ಪತಿಯದಾಗಲಿ. ಮಾತ್ರೆಯ ಡಬ್ಬಿ ತಂದವರು ಇದಕ್ಕೂ ಬರುತ್ತಾರೆ.