ಹೇಳಿದ್ದನ್ನು ಮೀಟಿಂಗ್‌ನಲ್ಲಿ ಉಲ್ಟಾ ಹೊಡೆಯುವ ಸಹೋದ್ಯೋಗಿ: ಏನು ಮಾಡುವುದು?

ಪ್ರಶ್ನೆ:
ತಂಡದ ಹಿರಿಯರೊಬ್ಬರು ಕೆಲಸವನ್ನೆಲ್ಲ ಬಾಯಿಮಾತಲ್ಲೇ ಹೇಳುತ್ತಾರೆ. ಎಡವಟ್ಟಾದರೆ ಮ್ಯಾನೇಜರ್ ಎದುರು "ನಾನು ಹಾಗೆ ಹೇಳೇ ಇಲ್ಲ". ಚೆನ್ನಾಗಿ ಆದರೆ ಹೆಸರು ಅವರದ್ದು. ಈಗೀಗ ಮೀಟಿಂಗ್ ಇನ್ವೈಟ್ ಕೂಡ ಬರುತ್ತಿಲ್ಲ. ನೇರವಾಗಿ ಕೇಳಲಾ, ಎಚ್‌ಆರ್‌ಗೆ ಹೋಗಲಾ?

ಉತ್ತರ 1:
ಎಚ್‌ಆರ್ ಆಮೇಲೆ. ಮೊದಲು ಬಾಯಿಮಾತನ್ನು ಬರಹಕ್ಕಿಳಿಸಿ. ಮಾತಾದ ಅರ್ಧ ಗಂಟೆಯೊಳಗೆ ಅವರೊಬ್ಬರಿಗೇ ಚಿಕ್ಕ ಮೇಲ್ ಹಾಕಿ: "ಈಗ ಮಾತಾಡಿದಂತೆ ರಿಪೋರ್ಟನ್ನು ಹಳೆಯ ಫಾರ್ಮ್ಯಾಟ್‌ನಲ್ಲೇ ಮಾಡುತ್ತಿದ್ದೇನೆ. ಗುರುವಾರ ಸಂಜೆ ಕಳಿಸುತ್ತೇನೆ. ಬದಲಾವಣೆ ಇದ್ದರೆ ನಾಳೆ 11ರೊಳಗೆ ತಿಳಿಸಿ." ಇಷ್ಟೇ ಸಾಕು, ಒಂದು ಸಾಲೂ ಹೆಚ್ಚು ಬೇಡ. ಮೊದಲ ಮೇಲ್‌ಗೇ ಮ್ಯಾನೇಜರನ್ನು ಸಿಸಿ ಹಾಕಿದಿರೋ, ಕೆಟ್ಟಿತು. ಅದು ದೂರಿನಂತೆ ಕಾಣುತ್ತೆ, ಅವರು ಇನ್ನಷ್ಟು ಹುಷಾರಾಗುತ್ತಾರೆ.

ಮ್ಯಾನೇಜರ್‌ಗೆ ವಾರಕ್ಕೊಮ್ಮೆ ನಿಮ್ಮ ಸ್ಟೇಟಸ್ ಬೇರೆಯಾಗಿ ಹೋಗಲಿ. ಯಾವ ಕೆಲಸ ಯಾರ ಕೈಯಲ್ಲಿದೆ ಅಂತ ಮುಗಿಯುವ ಮುಂಚೆಯೇ ಗೊತ್ತಿದ್ದರೆ, ಮುಗಿದ ಮೇಲೆ ಹೆಸರು ಹೊಡೆದುಕೊಳ್ಳುವುದು ಸುಲಭವಲ್ಲ.

ಉತ್ತರ 2:
ಇನ್ವೈಟ್ ವಿಷಯ ಬೇರೆ. ಒಮ್ಮೊಮ್ಮೆ ಹಳೆಯ ಗ್ರೂಪ್ ಲಿಸ್ಟ್‌ನಿಂದಲೂ ಹೆಸರು ತಪ್ಪುತ್ತೆ, ಹಾಗಾಗಿ ಮೊದಲು "ಹೆಸರು ಬಿಟ್ಟುಹೋದಂತಿದೆ, ಸೇರಿಸಿ" ಅಂತ ಕೇಳಿ. ಮತ್ತೂ ಬಿಟ್ಟರೆ ಬರೆದಿಡಿ: ದಿನಾಂಕ, ಆಡಿದ ಮಾತು ಇದ್ದಹಾಗೇ, ಯಾರಿದ್ದರು, ಕೆಲಸಕ್ಕೆ ಏನು ಪೆಟ್ಟಾಯಿತು. "ಸೊಕ್ಕಿನಿಂದ ನಡೆದುಕೊಂಡರು" ಅಂತ ಬರೆದರೆ ಯಾರೂ ಏನೂ ಮಾಡಲಾರರು. "14ರ ಮೀಟಿಂಗ್‌ಗೆ ಕರೆಯಲಿಲ್ಲ, ಡೆಡ್‌ಲೈನ್ ಬದಲಾದದ್ದು 16ಕ್ಕೆ ಗೊತ್ತಾಯಿತು" ಅಂದರೆ ವಿಚಾರಿಸಲು ಎಳೆ ಸಿಗುತ್ತೆ.

ಸ್ವೀಡನ್‌ನಲ್ಲಿ ಕೆಲಸದ ಜಾಗದ ಕಿರುಕುಳದ ಬಗ್ಗೆ ಸಂಶೋಧನೆ ಮಾಡಿದ ಹೈಂಜ್ ಲೇಮನ್, 'ಮಾಬಿಂಗ್' (ಒಬ್ಬರನ್ನೇ ಗುರಿಮಾಡಿ ಪದೇ ಪದೇ ಕಾಡುವುದು) ಅನ್ನಲು ವಾರಕ್ಕೊಮ್ಮೆಯಾದರೂ, ಕನಿಷ್ಠ 6 ತಿಂಗಳು ನಡೆದಿರಬೇಕು ಅಂತ ಅಳತೆ ಇಟ್ಟಿದ್ದರು. ಅಲ್ಲಿಯವರೆಗೆ ಸಹಿಸಿಕೊಂಡು ಕೂರಬೇಡಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2019ರ 190ನೇ ಒಡಂಬಡಿಕೆ ಒಂದೇ ಸಲ ನಡೆದ ಕಿರುಕುಳವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೆ.

ಉತ್ತರ 3:
ಮೇಲಿನದಕ್ಕೆ ಒಂದು ಎಚ್ಚರಿಕೆ. ಸಾಕ್ಷಿಗಿರಲಿ ಅಂತ ಆಫೀಸ್ ಮೇಲ್‌ಗಳನ್ನು ಸ್ವಂತ ಮೇಲ್‌ಗೆ ಫಾರ್ವರ್ಡ್ ಮಾಡಬೇಡಿ. ಎಷ್ಟೋ ಕಡೆ ಅದೇ ನಿಯಮಭಂಗವಾಗಿ, ಕೇಸು ನಿಮ್ಮ ಮೇಲೆಯೇ ತಿರುಗುತ್ತೆ. ಟಿಪ್ಪಣಿ ನಿಮ್ಮದೇ ಪುಸ್ತಕದಲ್ಲಿರಲಿ. ಕದ್ದು ರೆಕಾರ್ಡ್ ಮಾಡುವುದೂ ಬೇಡ, ಕಾನೂನು ಊರಿಗೊಂದು ಥರ.

ನೇರವಾಗಿ ಕೇಳುವುದಾದರೆ ಒಬ್ಬರೇ ಇದ್ದಾಗ ಕೇಳಿ, ಒಂದೇ ಘಟನೆ ಹಿಡಿದು. "ನೀವು ಯಾವಾಗಲೂ ಹೀಗೇ" ಅಂದ ತಕ್ಷಣ ಮಾತು ಜಗಳಕ್ಕೆ ಹೊರಳುತ್ತೆ.

ಪ್ರಶ್ನೆ ಕೇಳಿದವರು:
ಮೇಲ್‌ಗೆ ಉತ್ತರವೇ ಕೊಡದಿದ್ದರೆ?

ಉತ್ತರ 1:
ಪರವಾಗಿಲ್ಲ. ಗಡುವು ದಾಟಿದ ಮೇಲೆ ಅದೇ ಮೇಲ್‌ಗೆ "ಬದಲಾವಣೆ ಬಂದಿಲ್ಲ, ಕೆಲಸ ಶುರು ಮಾಡಿದ್ದೇನೆ" ಅಂತ ಒಂದು ಸಾಲು ಹಾಕಿ.